ಮೈಟೋಕಾಂಡ್ರಿಯದ ಉಸಿರಾಟ: ಅಳೆದದ್ದೇನು, ತಿಳಿದದ್ದೇನು?

ಪಿಯುಸಿ ಓದುತ್ತಿರುವ ಯಾವುದೇ ವಿದ್ಯಾರ್ಥಿಯನ್ನು 'ಮೈಟೋಕಾಂಡ್ರಿಯ ಎಂದರೇನು?' ಎಂದು ಕೇಳಿ ನೋಡಿ. 'ಜೀವಕೋಶದ ಶಕ್ತಿಗೃಹ' ಎಂಬ ಉತ್ತರ ತಡವಿಲ್ಲದೆ ಬರುತ್ತದೆ. 'ಒಂದು ಗ್ಲೂಕೋಸ್ ಅಣುವಿನಿಂದ ಎಷ್ಟು ಎಟಿಪಿ ಅಣುಗಳು?' ಎಂದರೆ '38' ಎನ್ನುತ್ತಾರೆ. ಇವೆರಡರ ಜೊತೆಗೆ ಈಗ ಮೂರನೆಯ ಮಾತೊಂದು ಸೇರಿಕೊಂಡಿದೆ. ಮಧುಮೇಹ, ಪಾರ್ಕಿನ್ಸನ್ ಕಾಯಿಲೆ, ಮುಪ್ಪು, ಆಯಾಸ, ಹೀಗೆ ಯಾವುದರ ಬಗ್ಗೆ ಓದಿದರೂ 'ಮೈಟೋಕಾಂಡ್ರಿಯದ ಉಸಿರಾಟ ಕುಗ್ಗಿರುವುದೇ ಕಾರಣ' ಎಂಬ ವಾಕ್ಯ ಎದುರಾಗುತ್ತದೆ.

ಈ ಮೂರು ಮಾತುಗಳನ್ನು ಸ್ವಲ್ಪ ನಿಧಾನವಾಗಿ ಪರಿಶೀಲಿಸೋಣ. ಇವು ಪೂರ್ತಿ ಸುಳ್ಳಲ್ಲ. ಆದರೆ ಮೊದಲನೆಯದು ಅರ್ಧ ಹೇಳುತ್ತದೆ, ಎರಡನೆಯದು ಹಳತಾಗಿದೆ, ಮೂರನೆಯದು ಅಳತೆಗೂ ಅರ್ಥಕ್ಕೂ ಇರುವ ಅಂತರವನ್ನು ಮರೆಸುತ್ತದೆ. ನಾನು ಭೌತವಿಜ್ಞಾನ ಕಲಿಸುವವನು. ಜೀವವಿಜ್ಞಾನದ ಈ ಅಂಗಳಕ್ಕೆ ಬರಲು ನನಗಿರುವ ಅಧಿಕಾರ ಇಷ್ಟೇ: ಉಸಿರಾಟದ ಮಾಪನ ಮೂಲತಃ ಭೌತವಿಜ್ಞಾನದ ಮಾಪನ. ಅಲ್ಲಿ ಒತ್ತಡ, ತಾಪ, ವಿಭವಾಂತರ, ವಿದ್ಯುತ್ ಪ್ರವಾಹ ಎಲ್ಲವೂ ಇವೆ.

ಯಾವ ಬಗೆಯ ಶಕ್ತಿಗೃಹ?

'ಶಕ್ತಿಗೃಹ' ಎಂಬ ಹೋಲಿಕೆ ಜನಪ್ರಿಯವಾದದ್ದು 1957ರಲ್ಲಿ ಫಿಲಿಪ್ ಸೀಕೆವಿಟ್ಜ್ ಅವರು 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಬರೆದ ಲೇಖನದಿಂದ. ಈ ಮಾತು ಕೇಳಿದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣ ಮುಂದೆ ಬರುವುದು ರಾಯಚೂರಿನಂಥ ಶಾಖೋತ್ಪನ್ನ ಸ್ಥಾವರ. ಕಲ್ಲಿದ್ದಲು ಉರಿಯುತ್ತದೆ, ಶಾಖ ಹುಟ್ಟುತ್ತದೆ, ಶಾಖದಿಂದ ಚಲನೆ. ಆಹಾರವನ್ನು ಇಂಧನ ಎಂದು ಕರೆದ ಮೇಲೆ ಈ ಚಿತ್ರ ಸಹಜವೇ.

ಆದರೆ ಮೈಟೋಕಾಂಡ್ರಿಯ ಶಾಖ ಎಂಜಿನ್ ಆಗಿರಲಾರದು. ಶಾಖ ಎಂಜಿನ್ನಿನ ದಕ್ಷತೆ ಬಿಸಿ ಮತ್ತು ತಂಪು ಭಾಗಗಳ ತಾಪ ವ್ಯತ್ಯಾಸವನ್ನು ಅವಲಂಬಿಸಿದೆ. ನಮ್ಮ ದೇಹದ ತಾಪ ಸುಮಾರು 310 ಕೆಲ್ವಿನ್. ಕೋಶದೊಳಗೆ ಒಂದು ಡಿಗ್ರಿ ವ್ಯತ್ಯಾಸವನ್ನು ಕಾಯ್ದುಕೊಳ್ಳಬಹುದೆಂದು ಭಾವಿಸಿದರೂ ಗರಿಷ್ಠ ದಕ್ಷತೆ 310ರಲ್ಲಿ ಒಂದು ಪಾಲು ಮಾತ್ರ. ಅಂಥ ಎಂಜಿನ್ನಿನಿಂದ ಯಾವ ಪ್ರಾಣಿಯೂ ಬದುಕುವುದಿಲ್ಲ.

ಮೈಸೂರು ಸೀಮೆಯವರಿಗೆ ಇದಕ್ಕಿಂತ ಒಳ್ಳೆಯ ಹೋಲಿಕೆ ಹತ್ತಿರದಲ್ಲೇ ಇದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಅಲ್ಲಿ ಉರಿಯುವುದು ಏನೂ ಇಲ್ಲ. ಎತ್ತರದಲ್ಲಿದ್ದ ನೀರು ಕೆಳಗೆ ಇಳಿಯುತ್ತದೆ, ಇಳಿಯುವಾಗ ಟರ್ಬೈನನ್ನು ತಿರುಗಿಸುತ್ತದೆ. 1961ರಲ್ಲಿ ಪೀಟರ್ ಮಿಚೆಲ್ ಅವರು ಮಂಡಿಸಿದ ಸಿದ್ಧಾಂತ ಹೆಚ್ಚುಕಡಿಮೆ ಇದೇ. ಆಹಾರದಿಂದ ಬಂದ ಎಲೆಕ್ಟ್ರಾನುಗಳು ಮೈಟೋಕಾಂಡ್ರಿಯದ ಒಳಪೊರೆಯಲ್ಲಿರುವ ಪ್ರೋಟೀನುಗಳ ಸರಪಳಿಯ ಮೂಲಕ ಹಾದು ಕೊನೆಗೆ ಆಮ್ಲಜನಕವನ್ನು ಸೇರುತ್ತವೆ. ದಾರಿಯಲ್ಲಿ ಬಿಡುಗಡೆಯಾಗುವ ಶಕ್ತಿ ಪ್ರೋಟಾನುಗಳನ್ನು ಪೊರೆಯ ಹೊರಬದಿಗೆ ಎತ್ತಿ ಹಾಕುತ್ತದೆ. ಅವು ಮರಳಿ ಒಳಗಿಳಿಯುವಾಗ ಎಟಿಪಿ ಸಿಂಥೇಸ್ ಎಂಬ ಅಣು ಟರ್ಬೈನು ತಿರುಗಿ ಎಟಿಪಿ ತಯಾರಾಗುತ್ತದೆ. ಹಲವರು ಒಪ್ಪದಿದ್ದ ಈ ಸಿದ್ಧಾಂತಕ್ಕೆ 1978ರಲ್ಲಿ ನೊಬೆಲ್ ಬಂತು. ಟರ್ಬೈನು ನಿಜಕ್ಕೂ ತಿರುಗುವುದನ್ನು 1997ರಲ್ಲಿ ಜಪಾನಿನ ವಿಜ್ಞಾನಿಗಳು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡರು.

ಒಂದು ವ್ಯತ್ಯಾಸವನ್ನು ಮಾತ್ರ ನೆನಪಿಡಿ. ಶಿವನಸಮುದ್ರದಲ್ಲಿ ನೀರನ್ನು ಮೇಲಕ್ಕೆ ಒಯ್ಯುವುದು ಸೂರ್ಯ ಮತ್ತು ಮಳೆ. ಮೈಟೋಕಾಂಡ್ರಿಯದಲ್ಲಿ ಪಂಪೂ ಇದೆ, ಟರ್ಬೈನೂ ಇದೆ, ಎರಡೂ ಒಂದೇ ಪೊರೆಯ ಮೇಲೆ. ಆಮ್ಲಜನಕ ಖರ್ಚಾಗುವುದು ಪಂಪಿನಲ್ಲಿ. ಎಟಿಪಿ ಹುಟ್ಟುವುದು ಟರ್ಬೈನಿನಲ್ಲಿ. ಈ ಲೇಖನದ ಮುಂದಿನ ವಿಮರ್ಶೆಯೆಲ್ಲ ಈ ಒಂದು ವಾಕ್ಯದ ಮೇಲೆ ನಿಂತಿದೆ.

ಪೊರೆಯ ಎರಡು ಬದಿಗಳ ನಡುವಿನ ವಿಭವಾಂತರ ಸುಮಾರು 150ರಿಂದ 180 ಮಿಲಿವೋಲ್ಟ್. ಅಲ್ಪ ಎನಿಸಬಹುದು. ಆದರೆ ಪೊರೆಯ ದಪ್ಪ 6 ನ್ಯಾನೋಮೀಟರಿನಷ್ಟು. ಭಾಗಿಸಿ ನೋಡಿ: ಮೀಟರಿಗೆ ಸುಮಾರು 3 ಕೋಟಿ ವೋಲ್ಟ್. ಗಾಳಿಯಲ್ಲಿ ಕಿಡಿ ಹಾರಲು ಬೇಕಾದ ಕ್ಷೇತ್ರದ ಹತ್ತು ಪಟ್ಟು!

ಇನ್ನೊಂದು ಲೆಕ್ಕ. ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಆಮ್ಲಜನಕ ಬಳಸುತ್ತಾರೆ. ಒಂದು ಆಮ್ಲಜನಕ ಅಣು ನೀರಾಗಲು ನಾಲ್ಕು ಎಲೆಕ್ಟ್ರಾನುಗಳು ಬೇಕು. ಇವನ್ನು ಸೆಕೆಂಡಿನ ಲೆಕ್ಕಕ್ಕೆ ತಂದರೆ ಇಡೀ ದೇಹದ ಎಲೆಕ್ಟ್ರಾನು ಪ್ರವಾಹ ಸುಮಾರು 72 ಆಂಪೇರ್. ನಿಮ್ಮ ಮನೆಯ ಇಸ್ತ್ರಿಪೆಟ್ಟಿಗೆ ಎಳೆಯುವುದು 4 ಅಥವಾ 5 ಆಂಪೇರ್. ಸರಪಳಿಯ ಮೊದಲ ತುದಿಗೂ ಆಮ್ಲಜನಕಕ್ಕೂ ನಡುವೆ 1.14 ವೋಲ್ಟ್ ಅಂತರವಿದೆ. ಗುಣಿಸಿದರೆ ಸುಮಾರು 82 ವಾಟ್. ಒಂದು ಲೀಟರ್ ಆಮ್ಲಜನಕಕ್ಕೆ 20 ಕಿಲೋಜೌಲ್ ಎಂಬ ಪೋಷಣವಿಜ್ಞಾನದ ಲೆಕ್ಕದಿಂದ ಹೊರಟರೆ 83 ವಾಟ್ ಬರುತ್ತದೆ. ಬೇರೆ ಬೇರೆ ದಾರಿಯ ಎರಡು ಅಂದಾಜುಗಳು ಒಂದೇ ಕಡೆ ಸೇರುತ್ತವೆ. ಮೈಟೋಕಾಂಡ್ರಿಯದ ಹೊರಗೂ ಸ್ವಲ್ಪ ಆಮ್ಲಜನಕ ಬಳಕೆಯಾಗುವುದರಿಂದ ಇದು ಸ್ಥೂಲ ಲೆಕ್ಕ. ಆದರೂ 'ಶಕ್ತಿಗೃಹ' ಎಂದು ಬಾಯಿಪಾಠ ಮಾಡಿಸುವುದಕ್ಕಿಂತ ತರಗತಿಯಲ್ಲಿ ಈ ಲೆಕ್ಕ ಮಾಡಿಸುವುದು ಮೇಲು.

38 ಎಂಬ ಪೂರ್ಣಾಂಕ

ಈಗ ಎರಡನೆಯ ಮಾತು. 38 ಬಂದದ್ದು ಹೀಗೆ: ಒಂದು ಗ್ಲೂಕೋಸಿನಿಂದ 10 ಎನ್ಎಡಿಎಚ್, 2 ಎಫ್ಎಡಿಎಚ್2 ಸಿಗುತ್ತವೆ. ಮೊದಲನೆಯದಕ್ಕೆ 3, ಎರಡನೆಯದಕ್ಕೆ 2 ಎಟಿಪಿ ಎಂದು ಹಿಡಿದರೆ 30 ಮತ್ತು 4. ಉಸಿರಾಟದ ಸರಪಳಿಯ ಹೊರಗೆ ನೇರವಾಗಿ ತಯಾರಾಗುವ 4 ಸೇರಿಸಿದರೆ 38.

ಪೂರ್ಣಾಂಕಗಳನ್ನು ಹಿಡಿದದ್ದು ಏಕೆ? ಎಲೆಕ್ಟ್ರಾನುಗಳು ಸಾಗುವ ದಾರಿಯಲ್ಲಿ ಯಾವುದೋ ಮಧ್ಯವರ್ತಿ ರಾಸಾಯನಿಕ ಹುಟ್ಟಿ ಅದರಿಂದ ಎಟಿಪಿ ಆಗುತ್ತದೆ ಎಂದು ಮಿಚೆಲ್ ಅವರಿಗಿಂತ ಮೊದಲು ನಂಬಲಾಗಿತ್ತು. ರಾಸಾಯನಿಕ ಕ್ರಿಯೆಯಲ್ಲಿ ಅಣುಗಳ ಲೆಕ್ಕ ಪೂರ್ಣವಾಗಿರಲೇಬೇಕು. ಆದರೆ ನಡುವೆ ಇರುವುದು ಪ್ರೋಟಾನುಗಳ ಜಲಾಶಯ ಎಂದಾದ ಮೇಲೆ ಆ ನಿರ್ಬಂಧವಿಲ್ಲ. ಒಂದು ಎನ್ಎಡಿಎಚ್ ಸುಮಾರು 10 ಪ್ರೋಟಾನುಗಳನ್ನು ಮೇಲೆತ್ತುತ್ತದೆ. ಒಂದು ಎಟಿಪಿ ತಯಾರಿಸಿ ಹೊರಗೆ ಸಾಗಿಸಲು ಸುಮಾರು 4 ಪ್ರೋಟಾನು ಬೇಕು. ಹಾಗಾಗಿ 2.5. ಎಫ್ಎಡಿಎಚ್2ಗೆ 6 ಪ್ರೋಟಾನು, ಅಂದರೆ 1.5. ಒಟ್ಟು 25 ಮತ್ತು 3 ಮತ್ತು 4, ಸೇರಿ 32. ಕೋಶದ್ರವದಲ್ಲಿ ಹುಟ್ಟಿದ ಎರಡು ಎನ್ಎಡಿಎಚ್‌ಗಳ ಎಲೆಕ್ಟ್ರಾನುಗಳು ಕಡಿಮೆ ಇಳುವರಿಯ ದಾರಿ ಹಿಡಿದರೆ 30. ಪೊರೆಯಲ್ಲಿ ಸೋರಿಕೆ ಇದ್ದರೆ ಇನ್ನೂ ಕಡಿಮೆ.

38ರ ಬದಲು 32 ಬರೆದರೆ ಸಾಕೆ? ಸಾಲದು. ಇಲ್ಲಿ ಉತ್ತರ ಒಂದೇ ನಿಶ್ಚಿತ ಸಂಖ್ಯೆಯಲ್ಲ ಎಂಬುದೇ ಮುಖ್ಯ ಪಾಠ. ಜಲಾಶಯದ ನೀರು ಎಷ್ಟು ಯೂನಿಟ್ ವಿದ್ಯುತ್ ಕೊಡುತ್ತದೆ ಎಂಬುದು ತೂಬಿನ ಸೋರಿಕೆಯನ್ನೂ ಅವಲಂಬಿಸಿದೆ. 38ನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಈ ಸೋರಿಕೆಯ ಕಲ್ಪನೆಯೇ ಬರುವುದಿಲ್ಲ. ಅದು ಬಾರದಿದ್ದರೆ ಮುಂದೆ ಕಾಯಿಲೆಯ ವಿಚಾರ ಅರ್ಥವಾಗುವುದಿಲ್ಲ.

ಆಮ್ಲಜನಕವನ್ನು ಅಳೆಯುವ ಬಗೆ

1780ರ ದಶಕದಲ್ಲಿ ಲವಾಸಿಯೆ ಮತ್ತು ಲಾಪ್ಲಾಸ್ ಗಿನಿಯಿಲಿಯೊಂದನ್ನು ಮಂಜುಗಡ್ಡೆಯ ನಡುವೆ ಇರಿಸಿ, ಕರಗಿದ ಮಂಜಿನಿಂದ ಅದರ ಶಾಖವನ್ನು ಅಳೆದರು. ಉಸಿರಾಟ ಒಂದು ನಿಧಾನ ದಹನ ಎಂದರು. 1920ರ ದಶಕದಲ್ಲಿ ಓಟೊ ವಾರ್ಬರ್ಗ್ ಗಾಜಿನ ಮಾನೋಮೀಟರಿನಿಂದ ಅಂಗಾಂಶದ ತೆಳು ಚೂರುಗಳು ಹೀರುವ ಅನಿಲವನ್ನು ಅಳೆದರು. 1950ರ ದಶಕದಲ್ಲಿ ಲೆಲೆಂಡ್ ಕ್ಲಾರ್ಕ್ ರೂಪಿಸಿದ ಆಮ್ಲಜನಕ ವಿದ್ಯುದಗ್ರ ಬಂತು.

ಕ್ಲಾರ್ಕ್ ಸಾಧನ ಸರಳ. ಪ್ಲಾಟಿನಮ್ ಋಣಾಗ್ರ, ಬೆಳ್ಳಿಯ ಧನಾಗ್ರ, ಇವುಗಳ ಮೇಲೆ ಆಮ್ಲಜನಕವನ್ನು ಮಾತ್ರ ಒಳಗೆ ಬಿಡುವ ತೆಳುವಾದ ಪ್ಲಾಸ್ಟಿಕ್ ಪೊರೆ. ಸುಮಾರು 0.6ರಿಂದ 0.8 ವೋಲ್ಟ್ ಕೊಟ್ಟರೆ ಹರಿಯುವ ಪ್ರವಾಹ ದ್ರಾವಣದಲ್ಲಿರುವ ಆಮ್ಲಜನಕಕ್ಕೆ ಅನುಪಾತದಲ್ಲಿರುತ್ತದೆ. ಮುಚ್ಚಿದ ಕುಪ್ಪಿಯಲ್ಲಿ ಮೈಟೋಕಾಂಡ್ರಿಯಗಳನ್ನು ಹಾಕಿದರೆ ಆಮ್ಲಜನಕದ ಗೆರೆ ಇಳಿಯತೊಡಗುತ್ತದೆ. ಅದರ ಓಟವೇ ಉಸಿರಾಟದ ವೇಗ.

1955ರಲ್ಲಿ ಬ್ರಿಟನ್ ಚಾನ್ಸ್ ಮತ್ತು ವಿಲಿಯಮ್ಸ್ ಈ ಗೆರೆಯನ್ನು ಓದುವ ಕ್ರಮವನ್ನು ಕಲಿಸಿದರು. ಎಡಿಪಿ ಹಾಕಿದೊಡನೆ ಗೆರೆ ಕಡಿದಾಗಿ ಇಳಿಯುತ್ತದೆ, ಏಕೆಂದರೆ ಟರ್ಬೈನಿಗೆ ಕೆಲಸ ಸಿಕ್ಕಿತು. ಎಡಿಪಿ ಮುಗಿದಾಗ ಇಳಿಜಾರು ಮಂದವಾಗುತ್ತದೆ, ಈಗ ಪಂಪು ದುಡಿಯುತ್ತಿರುವುದು ಸೋರಿಕೆಯನ್ನು ತುಂಬಲು ಮಾತ್ರ. ಈ ಎರಡು ವೇಗಗಳ ಅನುಪಾತ ದೊಡ್ಡದಿದ್ದಷ್ಟೂ ಪೊರೆ ಗಟ್ಟಿ ಎಂದರ್ಥ. ಇಂದಿನ ಸ್ವಯಂಚಾಲಿತ ಯಂತ್ರಗಳು ಜೀವಂತ ಕೋಶಗಳ ಮೇಲೆಯೇ ಇಂಥದೊಂದು ಕ್ರಮವನ್ನು ಅನುಸರಿಸುತ್ತವೆ. ಮೊದಲು ಸಹಜ ವೇಗ. ಆಮೇಲೆ ಓಲಿಗೋಮೈಸಿನ್ ಹಾಕಿ ಟರ್ಬೈನು ನಿಲ್ಲಿಸಿದರೆ ಉಳಿಯುವುದು ಸೋರಿಕೆ. ನಂತರ ಪೊರೆಯಲ್ಲಿ ಪ್ರೋಟಾನುಗಳಿಗೆ ದಾರಿ ತೆರೆಯುವ ರಾಸಾಯನಿಕ ಹಾಕಿದರೆ ಪಂಪಿನ ಗರಿಷ್ಠ ಸಾಮರ್ಥ್ಯ. ಕೊನೆಗೆ ರೊಟಿನೋನ್ ಮತ್ತು ಆಂಟಿಮೈಸಿನ್ ಹಾಕಿ ಸರಪಳಿಯನ್ನೇ ತಡೆದರೆ ಉಳಿಯುವುದು ಮೈಟೋಕಾಂಡ್ರಿಯದ ಹೊರಗಿನ ಖರ್ಚು. ಹೀಗೆ ನಾಲ್ಕು ಸಂಖ್ಯೆಗಳು. ವರದಿಗಳಲ್ಲಿ ಒಂದನ್ನು ಮಾತ್ರ ಕೊಟ್ಟು 'ಉಸಿರಾಟ' ಎಂದು ಕರೆದರೆ ಉಳಿದ ಮೂರನ್ನು ಕೇಳುವ ಹಕ್ಕು ಓದುಗರಿಗಿದೆ.

ಮೈಸೂರಿನ ಗಾಳಿ, ಪುಸ್ತಕದ ಸಂಖ್ಯೆ

ವಿದ್ಯುದಗ್ರ ಕೊಡುವುದು ಪ್ರವಾಹ. ಅದನ್ನು ಆಮ್ಲಜನಕದ ಪ್ರಮಾಣಕ್ಕೆ ಪರಿವರ್ತಿಸಲು ಕ್ಯಾಲಿಬ್ರೇಷನ್ ಬೇಕು. ಸಾಮಾನ್ಯವಾಗಿ ಗಾಳಿ ಬೆರೆಸಿದ ನೀರನ್ನು ಮೇಲಿನ ಗುರುತಾಗಿಯೂ, ಆಮ್ಲಜನಕವನ್ನೆಲ್ಲ ತೆಗೆದ ನೀರನ್ನು ಸೊನ್ನೆಯಾಗಿಯೂ ಇಟ್ಟುಕೊಳ್ಳುತ್ತಾರೆ. ಗಾಳಿ ಬೆರೆಸಿದ ಶುದ್ಧ ನೀರಿನಲ್ಲಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 210 ಮೈಕ್ರೋಮೋಲ್ ಆಮ್ಲಜನಕ ಇರುತ್ತದೆ. ಆದರೆ ಇದು ಸಮುದ್ರಮಟ್ಟದ ಸಂಖ್ಯೆ. ಮಂಗಳೂರಿಗೆ ಸರಿ. ಮೈಸೂರಿಗೆ?

ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿ ವಾಯು ಒತ್ತಡ 101.3 ಕಿಲೋಪಾಸ್ಕಲ್ ಅಲ್ಲ, ಸುಮಾರು 92.4. ಇದರಿಂದ 37 ಡಿಗ್ರಿಯ ನೀರಾವಿಯ ಒತ್ತಡ 6.3ನ್ನು ಕಳೆದು, ಆಮ್ಲಜನಕದ ಪಾಲು 0.2095ರಿಂದ ಗುಣಿಸಿದರೆ 18 ಕಿಲೋಪಾಸ್ಕಲ್. ಸಮುದ್ರಮಟ್ಟದಲ್ಲಿ ಇದೇ ಲೆಕ್ಕ 19.9 ಕೊಡುತ್ತದೆ. ಅಂದರೆ ಮೈಸೂರಿನ ಕುಪ್ಪಿಯಲ್ಲಿರುವುದು 210 ಅಲ್ಲ, ಸುಮಾರು 190. ಪುಸ್ತಕದ ಸಂಖ್ಯೆಯನ್ನು ಹಾಗೆಯೇ ಬಳಸಿದರೆ ಪ್ರತಿಯೊಂದು ವೇಗವೂ ಶೇಕಡ 10ರಷ್ಟು ಹೆಚ್ಚಾಗಿ ಕಾಣುತ್ತದೆ.

ಇದರಿಂದ ಏನು ಕೆಡುತ್ತದೆ? ಅನುಪಾತಗಳು ಕೆಡುವುದಿಲ್ಲ, ಏಕೆಂದರೆ ಅಂಶ ಮತ್ತು ಛೇದ ಎರಡರಲ್ಲೂ ಅದೇ ದೋಷವಿದ್ದು ಹೊಡೆದುಹೋಗುತ್ತದೆ. ಒಂದೇ ಪ್ರಯೋಗಾಲಯದಲ್ಲಿ ಅಳೆದ ರೋಗಿ ಮತ್ತು ಆರೋಗ್ಯವಂತರ ಹೋಲಿಕೆಯೂ ಕೆಡುವುದಿಲ್ಲ. ಕೆಡುವುದು 'ಸಾಮಾನ್ಯ ಮಟ್ಟ'ವನ್ನು ಬೇರೆ ಊರಿನ ಪುಸ್ತಕದಿಂದ ಎರವಲು ತಂದಾಗ. ಆ ಮಟ್ಟ 100 ಎಂದಿರಲಿ. ರೋಗಿಯ ನಿಜವಾದ ಬೆಲೆ 92. ಶೇಕಡ 10ರ ದೋಷದೊಂದಿಗೆ ಅದು 101 ಆಗುತ್ತದೆ, ವರದಿಯಲ್ಲಿ 'ಸಾಮಾನ್ಯ' ಎಂದು ಬರುತ್ತದೆ. ಗೋಡೆಗೆ ತೂಗುಹಾಕಿದ ಒಂದು ವಾಯುಭಾರಮಾಪಕ ಈ ದೋಷವನ್ನು ಪೂರ್ತಿ ತೆಗೆಯಬಲ್ಲದು. ಲಕ್ಷಾಂತರ ರೂಪಾಯಿಯ ಯಂತ್ರದ ಪಕ್ಕದಲ್ಲಿ ಅದು ಇರಲೇಬೇಕು. ಯಂತ್ರದೊಳಗೇ ಒತ್ತಡಮಾಪಕ ಇದ್ದರೆ ಅದು ದಾಖಲಿಸಿದ ಬೆಲೆಯನ್ನು ವರದಿಯಲ್ಲಿ ಕೊಡಬೇಕು.

ತಾಪದ ವಿಚಾರವೂ ಹೀಗೆಯೇ. ಕಿಣ್ವಗಳ ವೇಗ 10 ಡಿಗ್ರಿಗೆ ಸುಮಾರು ಎರಡು ಪಟ್ಟಾಗುತ್ತದೆ. 25 ಡಿಗ್ರಿಯಲ್ಲಿ ಅಳೆದದ್ದನ್ನು 37 ಡಿಗ್ರಿಯ ಬೆಲೆಯೊಡನೆ ಹೋಲಿಸುವಂತಿಲ್ಲ.

ಇನ್ನೊಂದು ಪ್ರಸಿದ್ಧ ಸಂಖ್ಯೆಯನ್ನೂ ಇಲ್ಲಿಯೇ ನೋಡಬಹುದು. 'ನಾವು ಉಸಿರಾಡುವ ಆಮ್ಲಜನಕದ ಶೇಕಡ 1ರಿಂದ 2 ಭಾಗ ಹಾನಿಕಾರಕ ಮುಕ್ತಮೂಲಕಗಳಾಗುತ್ತದೆ' ಎಂದು ಅನೇಕ ಕಡೆ ಬರೆಯುತ್ತಾರೆ. ಇದರ ಮೂಲ 1970ರ ದಶಕದ ಪ್ರಯೋಗಗಳು. ಅಲ್ಲಿದ್ದದ್ದು ಕೋಶದಿಂದ ಹೊರತೆಗೆದ ಮೈಟೋಕಾಂಡ್ರಿಯ, ಎಡಿಪಿ ಇಲ್ಲದ ಸ್ಥಿತಿ, ಗಾಳಿಯಷ್ಟು ಆಮ್ಲಜನಕ. ದೇಹದ ಅಂಗಾಂಶದೊಳಗೆ ಆಮ್ಲಜನಕದ ಒತ್ತಡ ಕೆಲವೇ ಕಿಲೋಪಾಸ್ಕಲ್, ಎಡಿಪಿ ಸದಾ ಇರುತ್ತದೆ. ಕುಪ್ಪಿಯ ಸಂಖ್ಯೆಯನ್ನು ದೇಹಕ್ಕೆ ಅಂಟಿಸಿದ್ದು ಪ್ರಯೋಗ ಮಾಡಿದವರ ತಪ್ಪಲ್ಲ, ಷರತ್ತುಗಳನ್ನು ಬಿಟ್ಟು ನಕಲು ಮಾಡಿದವರದು.

ಹೆಚ್ಚು ಉಸಿರಾಟ ಎಂದರೆ ಹೆಚ್ಚು ಆರೋಗ್ಯವೇ?

ಪಂಪು ಮತ್ತು ಟರ್ಬೈನಿನ ವಾಕ್ಯಕ್ಕೆ ಮರಳೋಣ. ಆಮ್ಲಜನಕದ ಖರ್ಚು ಹೆಚ್ಚಿದ್ದ ಮಾತ್ರಕ್ಕೆ ಎಟಿಪಿ ಹೆಚ್ಚು ಹುಟ್ಟುತ್ತಿದೆ ಎನ್ನಲಾಗದು. ಇದಕ್ಕೆ ವೈದ್ಯಕೀಯ ಚರಿತ್ರೆಯಲ್ಲಿ ಎರಡು ನಿದರ್ಶನಗಳಿವೆ.

1933ರಲ್ಲಿ ಅಮೆರಿಕದಲ್ಲಿ ಡೈನೈಟ್ರೋಫೀನಾಲ್ ಎಂಬ ವಸ್ತುವನ್ನು ಬೊಜ್ಜು ಕರಗಿಸುವ ಮದ್ದಾಗಿ ಬಳಸತೊಡಗಿದರು. ಆಮ್ಲಜನಕದ ಬಳಕೆ ಏರಿತು, ತೂಕ ಇಳಿಯಿತು. ಆ ವಸ್ತು ಮಾಡುತ್ತಿದ್ದದ್ದು ಪೊರೆಯಲ್ಲಿ ತೂಬು ತೆರೆಯುವ ಕೆಲಸ. ಪಂಪು ಓಡುತ್ತಲೇ ಇತ್ತು, ಶಕ್ತಿಯೆಲ್ಲ ಶಾಖವಾಗಿ ಹೋಗುತ್ತಿತ್ತು. ಜ್ವರ ಏರಿ ಜನ ಸತ್ತರು, ಕೆಲವರಿಗೆ ಕಣ್ಣಿನ ಪೊರೆ ಬಂತು. 1938ರ ಹೊತ್ತಿಗೆ ಅದನ್ನು ಮನುಷ್ಯರ ಬಳಕೆಗೆ ತಕ್ಕದ್ದಲ್ಲ ಎಂದು ಅಲ್ಲಿನ ಸರ್ಕಾರ ತಡೆಯಿತು.

1962ರಲ್ಲಿ ಸ್ವೀಡನ್ನಿನ ರಾಲ್ಫ್ ಲುಫ್ಟ್ ಮತ್ತು ಸಂಗಡಿಗರು ಒಬ್ಬ ಮಹಿಳೆಯ ಬಗ್ಗೆ ಬರೆದರು. ಎಷ್ಟು ಉಂಡರೂ ಮೈಗೆ ಹತ್ತುತ್ತಿರಲಿಲ್ಲ, ಸದಾ ಬೆವರು, ಆಮ್ಲಜನಕದ ಬಳಕೆ ಸಾಮಾನ್ಯಕ್ಕಿಂತ ಬಹಳ ಹೆಚ್ಚು. ಥೈರಾಯ್ಡ್ ಮಾತ್ರ ಸರಿಯಾಗಿತ್ತು. ಸ್ನಾಯುವಿನ ಮೈಟೋಕಾಂಡ್ರಿಯಗಳನ್ನು ತೆಗೆದು ಅಳೆದಾಗ ಎಡಿಪಿ ಇಲ್ಲದಿದ್ದರೂ ಅವು ಭರದಿಂದ ಉಸಿರಾಡುತ್ತಿದ್ದವು. ಮೈಟೋಕಾಂಡ್ರಿಯದ ಕಾಯಿಲೆ ಎಂದು ಮಾಪನದಿಂದ ಗುರುತಿಸಲಾದ ಮೊದಲ ಪ್ರಕರಣ ಇದು. ಇಲ್ಲಿ ಉಸಿರಾಟ ಕುಗ್ಗಿರಲಿಲ್ಲ, ಹೆಚ್ಚಿತ್ತು ಎಂಬುದನ್ನು ಗಮನಿಸಿ.

ಉಸಿರಾಟ ಕಡಿಮೆಯಾದಾಗಲೂ ಅರ್ಥ ಒಂದೇ ಅಲ್ಲ. ಸರಪಳಿಯ ಒಂದು ಕೊಂಡಿ ಕೆಟ್ಟಿರಬಹುದು. ಕೊಂಡಿಗಳೆಲ್ಲ ಸರಿಯಿದ್ದು ಮೈಟೋಕಾಂಡ್ರಿಯಗಳ ಸಂಖ್ಯೆಯೇ ಕಡಿಮೆ ಇರಬಹುದು. ಎರಡೂ ಸರಿಯಿದ್ದು ಕೋಶಕ್ಕೆ ಆ ಹೊತ್ತಿಗೆ ಕೆಲಸವೇ ಇಲ್ಲದಿರಬಹುದು. ಮೊದಲನೆಯದು ಕಾಯಿಲೆ. ಎರಡನೆಯದು ಹಲವು ಬಾರಿ ವ್ಯಾಯಾಮದ ಕೊರತೆ. 1967ರಲ್ಲೇ ಜಾನ್ ಹೊಲೋಝಿ ಇಲಿಗಳನ್ನು ಓಡಿಸಿ ಅವುಗಳ ಸ್ನಾಯುವಿನ ಉಸಿರಾಟದ ಸಾಮರ್ಥ್ಯ ಇಮ್ಮಡಿಯಾಗುವುದನ್ನು ತೋರಿಸಿದ್ದರು. ಮೂರನೆಯದು ದೋಷವೇ ಅಲ್ಲ.

ಛೇದದ ಪ್ರಶ್ನೆ

ಆಮ್ಲಜನಕದ ವೇಗವನ್ನು ಯಾವುದರಿಂದ ಭಾಗಿಸಬೇಕು? ಸ್ನಾಯುವಿನ ತೂಕದಿಂದಲೇ, ಕೋಶಗಳ ಸಂಖ್ಯೆಯಿಂದಲೇ, ಮೈಟೋಕಾಂಡ್ರಿಯದ ಪ್ರಮಾಣದಿಂದಲೇ? ಛೇದ ಬದಲಾದರೆ ತೀರ್ಮಾನವೇ ಬದಲಾಗುತ್ತದೆ.

ಛೇದದ ಮಹತ್ವಕ್ಕೆ ಮೈಸೂರಿನದೇ ಒಂದು ಉದಾಹರಣೆ ಇದೆ, ಬೇರೆ ಕ್ಷೇತ್ರದ್ದು. ಇಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನ ಮಿಷನ್ ಆಸ್ಪತ್ರೆ ಎನ್ನುವಲ್ಲಿ, 1934ರಿಂದ ಹುಟ್ಟಿದ ಶಿಶುಗಳ ತೂಕದ ಜೊತೆಗೆ ಉದ್ದ ಮತ್ತು ತಲೆಯ ಸುತ್ತಳತೆಯನ್ನೂ ಬರೆದಿಡುತ್ತಿದ್ದರು. ದಶಕಗಳ ನಂತರ, ಆ ಶಿಶುಗಳು ಮಧ್ಯವಯಸ್ಸು ತಲುಪಿದಾಗ, ಸಂಶೋಧಕರು ಅವರನ್ನು ಹುಡುಕಿ ಮಧುಮೇಹದ ಪರೀಕ್ಷೆ ಮಾಡಿದರು. 1998ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹುಟ್ಟಿದಾಗ ಗಿಡ್ಡವಾಗಿದ್ದು ಉದ್ದಕ್ಕೆ ಹೋಲಿಸಿದರೆ ದುಂಡಗಿದ್ದವರಲ್ಲಿ ಮಧುಮೇಹ ಹೆಚ್ಚಾಗಿತ್ತು. ಈ ದುಂಡಗಿರುವಿಕೆಯ ಸೂಚ್ಯಂಕ ಎಂದರೆ ತೂಕವನ್ನು ಉದ್ದದ ಘನದಿಂದ ಭಾಗಿಸಿದ್ದು. ಅಂದಿನ ದಾದಿಯರು ಉದ್ದವನ್ನು ಬರೆಯದೆ ತೂಕವನ್ನಷ್ಟೇ ಬರೆದಿದ್ದರೆ ಈ ಭಾಗಾಕಾರ ಸಾಧ್ಯವೇ ಆಗುತ್ತಿರಲಿಲ್ಲ.

ಈಗ ಮಧುಮೇಹ ಮತ್ತು ಮೈಟೋಕಾಂಡ್ರಿಯದ ಸಂಬಂಧಕ್ಕೆ ಬನ್ನಿ. 2000ದ ದಶಕದ ಮೊದಲ ಭಾಗದಲ್ಲಿ, ಮಧುಮೇಹಿಗಳ ಸ್ನಾಯುವಿನಲ್ಲಿ ಮೈಟೋಕಾಂಡ್ರಿಯದ ಸಾಮರ್ಥ್ಯ ಕುಗ್ಗಿದೆ, ಇನ್ಸುಲಿನ್‌ಗೆ ದೇಹ ಸ್ಪಂದಿಸದಿರಲು ಇದೇ ಕಾರಣವಿರಬಹುದು ಎಂಬ ವಾದ ಬಲವಾಗಿತ್ತು. 2007ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಸ್ನಾಯುವಿನ ತೂಕದಿಂದ ಭಾಗಿಸಿದಾಗ ಮಧುಮೇಹಿಗಳ ಉಸಿರಾಟ ಕಡಿಮೆ ಎಂದು ಕಂಡರು. ಅದೇ ಅಂಕಿಗಳನ್ನು ಮೈಟೋಕಾಂಡ್ರಿಯದ ಪ್ರಮಾಣದಿಂದ ಭಾಗಿಸಿದಾಗ ವ್ಯತ್ಯಾಸ ಮಾಯವಾಯಿತು. ಕೆಟ್ಟ ಯಂತ್ರಗಳಲ್ಲ, ಕಡಿಮೆ ಯಂತ್ರಗಳು.

ಭಾರತೀಯರಾದ ನಮಗೆ ಇನ್ನೂ ಮುಖ್ಯವಾದದ್ದು 2008ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಶ್ರೀಕುಮಾರನ್ ನಾಯರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ. ಅಲ್ಲಿ ನೆಲೆಸಿದ ಭಾರತೀಯ ಮೂಲದವರಲ್ಲಿ ಇನ್ಸುಲಿನ್ ಪ್ರತಿರೋಧ ತೀವ್ರವಾಗಿತ್ತು, ಆದರೆ ಅವರ ಸ್ನಾಯುವಿನ ಮೈಟೋಕಾಂಡ್ರಿಯಗಳ ಎಟಿಪಿ ತಯಾರಿಕೆಯ ಸಾಮರ್ಥ್ಯ ಉತ್ತರ ಯೂರೋಪು ಮೂಲದ ಅಮೆರಿಕನ್ನರಿಗಿಂತ ಹೆಚ್ಚಾಗಿಯೇ ಇತ್ತು. ಭಾರತೀಯರಲ್ಲೇ ಮಧುಮೇಹ ಇದ್ದವರಿಗೂ ಇಲ್ಲದವರಿಗೂ ಈ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಾರಣವೆಂದು ಹೇಳಿದ್ದು ಇಲ್ಲದೆಯೂ ಪರಿಣಾಮ ಇದ್ದರೆ, ಅದೇ 'ಮೂಲ ಕಾರಣ' ಎಂಬ ವಾಕ್ಯವನ್ನು ಕನಿಷ್ಠ ನಮ್ಮ ಜನರ ಬಗ್ಗೆ ಬರೆಯುವಾಗ ಕೈಬಿಡಬೇಕು.

ವೋಲ್ಟೇಜು ಬೇರೆ, ಪ್ರವಾಹ ಬೇರೆ

ಉಸಿರಾಟವನ್ನು ನೇರವಾಗಿ ಅಳೆಯದೆ ಪೊರೆಯ ವಿಭವಾಂತರವನ್ನು ಬಣ್ಣಗಳ ಮೂಲಕ ನೋಡುವ ವಿಧಾನ ಬಹಳ ಬಳಕೆಯಲ್ಲಿದೆ. ಬಣ್ಣದ ಧನಾತ್ಮಕ ಅಣುಗಳು ಮೈಟೋಕಾಂಡ್ರಿಯದೊಳಗೆ ಸೆಳೆಯಲ್ಪಟ್ಟು ಹೊಳೆಯುತ್ತವೆ. ಇದು ಅಗ್ಗ, ವೇಗ, ಉಪಯುಕ್ತ. ಮೈಸೂರು ವಿಶ್ವವಿದ್ಯಾನಿಲಯದ ಜೀವರಸಾಯನಶಾಸ್ತ್ರಜ್ಞರು ಮತ್ತು ಸಂಗಡಿಗರು 2015ರಲ್ಲಿ ಮೆಥೊಟ್ರೆಕ್ಸೇಟ್ ಎಂಬ ಔಷಧ ರಕ್ತದ ಪ್ಲೇಟ್‌ಲೆಟ್‌ಗಳ ಮೈಟೋಕಾಂಡ್ರಿಯಕ್ಕೆ ಮಾಡುವ ಹಾನಿಯನ್ನು ವರದಿ ಮಾಡಿದರು. ಕೋಶಕೇಂದ್ರವಿಲ್ಲದ ಪ್ಲೇಟ್‌ಲೆಟ್‌ಗಳಲ್ಲಿ ಮೈಟೋಕಾಂಡ್ರಿಯ ಇರುವುದರಿಂದ, ಸ್ನಾಯು ಕತ್ತರಿಸದೆ ಬರಿಯ ರಕ್ತದಿಂದ ಪರೀಕ್ಷಿಸುವ ದಾರಿ ಇಲ್ಲಿದೆ.

ಆದರೆ ಬಣ್ಣ ಹೇಳುವುದು ವೋಲ್ಟೇಜನ್ನು. ಓಲಿಗೋಮೈಸಿನ್ ಹಾಕಿ ಟರ್ಬೈನು ನಿಲ್ಲಿಸಿದರೆ ವಿಭವಾಂತರ ಏರುತ್ತದೆ, ಉಸಿರಾಟ ಇಳಿಯುತ್ತದೆ, ಎಟಿಪಿ ತಯಾರಿಕೆ ನಿಲ್ಲುತ್ತದೆ. ತೂಬು ಮುಚ್ಚಿದ ಜಲಾಶಯ ತುಂಬಿ ನಿಂತಿರುತ್ತದೆ, ಊರಿನಲ್ಲಿ ದೀಪ ಇರುವುದಿಲ್ಲ. ಪ್ರಕಾಶಮಾನವಾದ ಬಣ್ಣದ ಚಿತ್ರವನ್ನು ತೋರಿಸಿ 'ಆರೋಗ್ಯವಂತ ಮೈಟೋಕಾಂಡ್ರಿಯ' ಎಂದರೆ, ಆಮ್ಲಜನಕದ ಗೆರೆ ಎಲ್ಲಿ ಎಂದು ಕೇಳಬೇಕು.

ಪ್ರಾಣಿ ಮಾದರಿಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ರೊಟಿನೋನ್ ಸರಪಳಿಯ ಮೊದಲ ಕೊಂಡಿಯನ್ನು ತಡೆಯುತ್ತದೆ, ಹಣ್ಣಿನ ನೊಣಗಳಿಗೆ ತಿನ್ನಿಸಿದರೆ ಪಾರ್ಕಿನ್ಸನ್ ಹೋಲುವ ಚಲನೆಯ ತೊಂದರೆ ಬರುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ಸಂಶೋಧಕರು 2009ರಲ್ಲಿ ಬ್ರಾಹ್ಮಿ ಗಿಡದ ಸಾರ ಇಂಥ ನೊಣಗಳನ್ನು ಸ್ವಲ್ಪಮಟ್ಟಿಗೆ ಕಾಪಾಡುತ್ತದೆ ಎಂದು ತೋರಿಸಿದರು. ನೊಣಗಳ ಬಗ್ಗೆ ಇದು ಬೆಲೆಯುಳ್ಳ ಮಾಹಿತಿ. ಇದನ್ನು 'ಬ್ರಾಹ್ಮಿಯಿಂದ ಪಾರ್ಕಿನ್ಸನ್ ವಾಸಿ' ಎಂದು ಓದಿಕೊಂಡರೆ ತಪ್ಪು ಓದಿದವರದು. ಮನುಷ್ಯರಲ್ಲಿ ಪರೀಕ್ಷೆ ಎಷ್ಟು ಕಠಿಣ ಎಂಬುದಕ್ಕೆ ಕೋಎನ್ಜೈಮ್ ಕ್ಯೂ10 ಸಾಕ್ಷಿ. ಸರಪಳಿಯದೇ ಒಂದು ಭಾಗವಾದ ಇದು ಪಾರ್ಕಿನ್ಸನ್ ರೋಗಕ್ಕೆ ನೆರವಾಗಬೇಕು ಎಂಬ ತರ್ಕ ಚೆನ್ನಾಗಿತ್ತು. 600 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಯಾವ ಪ್ರಯೋಜನವೂ ಕಾಣಲಿಲ್ಲ. ಅದನ್ನು ದೇಹದಲ್ಲಿ ತಯಾರಿಸಲಾಗದ ಅಪರೂಪದ ಆನುವಂಶಿಕ ಕೊರತೆ ಇರುವವರಿಗೆ ಮಾತ್ರ ಅದೇ ವಸ್ತು ನಿಜಕ್ಕೂ ನೆರವಾಗುವುದುಂಟು. ಅಂಗಡಿಯ ಮಾತ್ರೆ ಕೊಳ್ಳುವ ಮುನ್ನ ಈ ವ್ಯತ್ಯಾಸವನ್ನು ತಿಳಿದಿರಬೇಕು.

ಮಂಜಿನಲ್ಲಿಟ್ಟ ಸ್ನಾಯು ಏನು ಹೇಳಬಲ್ಲದು?

ಈ ಚರ್ಚೆ ಪ್ರಯೋಗಾಲಯದ ಮಡಿವಂತಿಕೆಯಲ್ಲ. ಮೈಟೋಕಾಂಡ್ರಿಯದ ಆನುವಂಶಿಕ ಕಾಯಿಲೆ ಇರುವ ಮಕ್ಕಳು ನಮ್ಮ ನಡುವೆಯೇ ಇದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ತಜ್ಞರು 2017ರಲ್ಲಿ ದಕ್ಷಿಣ ಭಾರತದ ಇಂಥ 85 ಮಕ್ಕಳ ಲಕ್ಷಣ, ಜೀನು ಮತ್ತು ಕಿಣ್ವ ಪರೀಕ್ಷೆಗಳನ್ನು ಒಟ್ಟಿಗೆ ಪರಿಶೀಲಿಸಿ ವರದಿ ಮಾಡಿದ್ದಾರೆ. ಒಂದೇ ಪರೀಕ್ಷೆಯನ್ನು ನಂಬದೆ ಮೂರನ್ನೂ ತಾಳೆ ನೋಡಿದ್ದು ಆ ಕೆಲಸದ ಹೆಚ್ಚುಗಾರಿಕೆ.

ಇಲ್ಲಿ ಒಂದು ಭೌತಿಕ ಮಿತಿಯಿದೆ. ಸ್ನಾಯುವಿನ ತುಣುಕನ್ನು ಘನೀಕರಿಸಿ ಕರಗಿಸಿದಾಗ ಮಂಜಿನ ಹರಳುಗಳು ಪೊರೆಯನ್ನು ಹರಿಯುತ್ತವೆ. ಆಮೇಲೆ ಸರಪಳಿಯ ಒಂದೊಂದು ಕಿಣ್ವದ ಗರಿಷ್ಠ ವೇಗವನ್ನು ಅಳೆಯಬಹುದು, ಆದರೆ ಜಲಾಶಯ ಒಡೆದಿರುವುದರಿಂದ ಸೋರಿಕೆಯನ್ನಾಗಲಿ ಪಂಪು ಮತ್ತು ಟರ್ಬೈನಿನ ಹೊಂದಾಣಿಕೆಯನ್ನಾಗಲಿ ಅಳೆಯಲಾಗದು. ಅದಕ್ಕೆ ತಾಜಾ ತುಣುಕು ಬೇಕು, ಅಳೆಯುವ ಸಾಧನ ಹತ್ತಿರ ಇರಬೇಕು. ದೂರದ ಊರಿನ ಆಸ್ಪತ್ರೆಯಿಂದ ಮಂಜುಪೆಟ್ಟಿಗೆಯಲ್ಲಿ ಬಂದ ತುಣುಕಿನ ವರದಿ 'ಕಿಣ್ವಗಳು ಸಾಮಾನ್ಯ' ಎಂದರೆ 'ಮೈಟೋಕಾಂಡ್ರಿಯ ಸಾಮಾನ್ಯ' ಎಂದು ಅರ್ಥವಲ್ಲ. ಲುಫ್ಟ್ ಅವರ ರೋಗಿಯ ದೋಷ ಇಂಥ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುತ್ತಿತ್ತು. ವರ್ಷಗಟ್ಟಲೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವ ತಂದೆತಾಯಿಗೆ ಈ ಒಂದು ಪದದ ವ್ಯತ್ಯಾಸ ದೊಡ್ಡದು.

ಅಳತೆಯ ಭಾಷೆಯನ್ನು ಒಂದು ಮಾಡುವ ಪ್ರಯತ್ನವೂ ನಡೆದಿದೆ. ಆಸ್ಟ್ರಿಯದ ಎರಿಕ್ ನೈಗರ್ ಅವರ ಮುಂದಾಳತ್ವದಲ್ಲಿ ಹಲವು ದೇಶಗಳ ನೂರಾರು ಸಂಶೋಧಕರು ಸೇರಿ 2020ರಲ್ಲಿ ಉಸಿರಾಟದ ಸ್ಥಿತಿಗಳ ಹೆಸರು, ಸಂಕೇತ, ಏಕಮಾನಗಳ ಬಗ್ಗೆ ಒಂದು ಒಮ್ಮತದ ದಾಖಲೆ ಪ್ರಕಟಿಸಿದರು. ನಮ್ಮ ಪ್ರಯೋಗಾಲಯಗಳು ಅದನ್ನು ಅನುಸರಿಸಲು ಹಣದ ಅಗತ್ಯವಿಲ್ಲ.

ಓದುಗರು ಕೇಳಬೇಕಾದದ್ದು

ಮೈಟೋಕಾಂಡ್ರಿಯದ ಬಗ್ಗೆ ಯಾವುದೇ ವರದಿ ಓದಿದಾಗ ನೀವು ಐದು ಪ್ರಶ್ನೆ ಕೇಳಿ. ಅಳೆದದ್ದು ಆಮ್ಲಜನಕವನ್ನೋ, ವಿಭವಾಂತರವನ್ನೋ, ಕಿಣ್ವವನ್ನೋ, ಎಟಿಪಿಯನ್ನೋ? ಸೋರಿಕೆಯನ್ನು ಬೇರೆಯಾಗಿ ಕೊಟ್ಟಿದ್ದಾರೆಯೇ? ಛೇದ ಯಾವುದು? ತಾಪ ಮತ್ತು ವಾಯು ಒತ್ತಡ ಎಷ್ಟು? ಹೋಲಿಕೆಗೆ ಬಳಸಿದ ಸಾಮಾನ್ಯ ಮಟ್ಟ ಎಲ್ಲಿಯದು?

ಶಾಲಾ ಕಾಲೇಜುಗಳ ಅಧ್ಯಾಪಕರು ಇದನ್ನು ಕೈಯಾರೆ ಮಾಡಿಸಬಹುದು. ಮೊಳಕೆ ಬಂದ ಹೆಸರುಕಾಳನ್ನು ಒಂದು ಕುಪ್ಪಿಯಲ್ಲಿ ಹಾಕಿ. ಇಂಗಾಲದ ಡೈಆಕ್ಸೈಡನ್ನು ಹೀರಲು ಪೊಟ್ಯಾಸಿಯಮ್ ಹೈಡ್ರಾಕ್ಸೈಡನ್ನು ಚಿಕ್ಕ ಕೊಳವೆಯಲ್ಲಿ ಒಳಗೆ ತೂಗುಹಾಕಿ. ಅದು ಚರ್ಮ ಸುಡುವ ವಸ್ತು, ಅಧ್ಯಾಪಕರೇ ಮುಟ್ಟಬೇಕು. ಬಿರಡೆಗೆ ಸಿಕ್ಕಿಸಿದ ಕಿರುಗೊಳವೆಯಲ್ಲಿ ಬಣ್ಣದ ನೀರಿನ ಹನಿ ಒಳಮುಖವಾಗಿ ಸರಿಯುವ ವೇಗವನ್ನು ಗುರುತಿಸಿ. ಗಾಜಿನ ಗೋಲಿಗಳನ್ನು ತುಂಬಿದ ಇನ್ನೊಂದು ಕುಪ್ಪಿಯನ್ನು ಪಕ್ಕದಲ್ಲಿಡಿ, ಕೊಠಡಿಯ ತಾಪ ಮತ್ತು ಒತ್ತಡದ ಏರಿಳಿತವನ್ನು ಅದು ತೋರಿಸುತ್ತದೆ. ಬಂದ ಉತ್ತರವನ್ನು ಮೊದಲು ಹಸಿ ಕಾಳಿನ ತೂಕದಿಂದ, ಆಮೇಲೆ ಒಣ ಕಾಳಿನ ತೂಕದಿಂದ ಭಾಗಿಸಲು ಹೇಳಿ. ಎರಡು ಬೇರೆ ಸಂಖ್ಯೆಗಳು ಬಂದಾಗ 'ಯಾವುದು ಸರಿ ಸಾರ್?' ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಆ ಪ್ರಶ್ನೆಯ ಮೇಲೆ ಒಂದು ಗಂಟೆ ಚರ್ಚೆ ನಡೆಸಲು ಪಠ್ಯಕ್ರಮದಲ್ಲಿ ಜಾಗ ಮಾಡಿಕೊಡಬೇಕು.